ಇಸ್ಕೂಲ್‌ನಿಂದ ಎಸ್ಕ್ವೇಲಾಗೆ

ಕಳೆದ ವರ್ಷ ಜೂನ್ ತಿಂಗಳು, ಫಸ್ಟ್ ಪಿಯುಸಿಯ ಮೊದಲ ವಾರ. ಇಂಗ್ಲಿಷ್ ಪೀರಿಯಡ್‌ನಲ್ಲಿ ಪಾಠ ಓದಲು ನನ್ನನ್ನು ಎಬ್ಬಿಸಿದರು. ಎರಡನೇ ಸಾಲಿನಲ್ಲೇ 'ಸ್ಕೂಲ್' ಎಂಬ ಪದ ಇತ್ತು. ನಾನು 'ಇಸ್ಕೂಲ್' ಎಂದು ಓದಿದೆ. ಹಿಂದಿನ ಬೆಂಚಿನಲ್ಲಿ ಶುರುವಾದ ನಗು ಮುಂದಿನ ಬೆಂಚಿನ ತನಕ ಬಂತು. ನಕ್ಕವರಲ್ಲಿ ಅರ್ಧ ಜನ ಮನೆಯಲ್ಲಿ 'ಇಸ್ಕೂಲ್‌ಕು ಜಾತೂಂ' ಎನ್ನುವವರೇ, ಅದು ಬೇರೆ ಮಾತು. ಅಂದಿನಿಂದ ಮೂರು ತಿಂಗಳು ನಾನು ಇಂಗ್ಲಿಷ್ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ.

ಈ ಲೇಖನದ ವಿಷಯ ಸ್ಪೇನ್ ದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹುಡುಕುವುದು. ಅದಕ್ಕೂ ಆ ನಗುವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಹೇಳುತ್ತೇನೆ.

ನನಗೆ ಈ ವಿಷಯ ಗೊತ್ತಾದದ್ದು ಆಪಾಳಿಂದ. ಆಪಾ ಅಂದರೆ ನನ್ನ ಖಾಲಾನ ದೊಡ್ಡ ಮಗಳು. ಉರ್ದು ಮೀಡಿಯಂನಲ್ಲಿ ಏಳನೇ ತರಗತಿ ತನಕ ಓದಿ, ಆಮೇಲೆ ಕನ್ನಡ ಮೀಡಿಯಂ ಹೈಸ್ಕೂಲು, ಕೊನೆಗೆ ಇಂಗ್ಲಿಷ್ ಎಂ.ಎ. ಮತ್ತು ಬಿ.ಎಡ್. ಮಾಡಿದವಳು. ಆರು ವರ್ಷದಿಂದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಸಂಬಳ ಹದಿನಾಲ್ಕು ಸಾವಿರ. ನಮ್ಮ ಮನೆಗಳಲ್ಲಿ ವಿದೇಶ ಅಂದರೆ ದುಬೈ, ದಮ್ಮಾಮ್, ಕುವೈತ್. ಆಪಾಗೆ ಮಾತ್ರ ಸ್ಪೇನ್ ಹುಚ್ಚು. ಅದಕ್ಕೆ ಕಾರಣ ನಮ್ಮ ನಾನಾ. ಅವರು ಬದುಕಿದ್ದಾಗ ಇಕ್ಬಾಲರ 'ಮಸ್ಜಿದೆ ಕುರ್ತುಬಾ' ಕವಿತೆಯನ್ನು ಪೂರ್ತಿ ಬಾಯಿಪಾಠ ಹೇಳುತ್ತಿದ್ದರು. ಇಕ್ಬಾಲ್ 1933ರಲ್ಲಿ ಸ್ಪೇನ್‌ಗೆ ಹೋಗಿ ಕೊರ್ಡೋಬಾದ ಮಸೀದಿಯನ್ನು ನೋಡಿದಾಗ ಹುಟ್ಟಿದ ಕವಿತೆ ಅದು. ಆ ಮಸೀದಿ ಈಗ ಚರ್ಚು, ಕಂಬಗಳು ಮಾತ್ರ ಹಾಗೇ ಇವೆ. ಅದನ್ನು ಕಣ್ಣಾರೆ ನೋಡಬೇಕು, ಟೂರಿಸ್ಟ್ ಆಗಿ ಹೋಗಲು ದುಡ್ಡಿಲ್ಲ, ಆದ್ದರಿಂದ ಕೆಲಸ ಹಿಡಿದೇ ಹೋಗಬೇಕು ಎಂಬುದು ಆಪಾಳ ಲೆಕ್ಕ.

ಎರಡು ವರ್ಷ ಮೊಬೈಲಿನಲ್ಲಿ, ಒಂದು ಹಳೆಯ ಪುಸ್ತಕದಲ್ಲಿ ಸ್ಪ್ಯಾನಿಷ್ ಕಲಿತಳು. ಆಮೇಲೆ ಮ್ಯಾಡ್ರಿಡ್, ವಲೆನ್ಸಿಯಾ, ಸೆವಿಲ್ಲೆ ಕಡೆಯ ಇಪ್ಪತ್ತಮೂರು ಸಂಸ್ಥೆಗಳಿಗೆ ಅರ್ಜಿ ಹಾಕಿದಳು. ಹತ್ತೊಂಬತ್ತು ಕಡೆಯಿಂದ ಉತ್ತರವೇ ಇಲ್ಲ. ನಾಲ್ಕು ಕಡೆಯಿಂದ ಉತ್ತರ ಬಂತು, ನಾಲ್ಕರಲ್ಲೂ ಒಂದೇ ಮಾತು: ನಮಗೆ ನೇಟಿವ್ ಸ್ಪೀಕರ್ ಬೇಕು. ಅಂದರೆ ಇಂಗ್ಲಿಷ್ ಮಾತೃಭಾಷೆಯಾಗಿ ಇರುವವರು. ಮನೆಯಲ್ಲಿ ಎಲ್ಲರೂ ಆಪಾಳ ಸ್ಕಾರ್ಫ್ ತೊಂದರೆ ಆದೀತು ಎಂದು ಹೆದರಿದ್ದರು. ಸ್ಕಾರ್ಫ್ ನೋಡುವ ತನಕ ಯಾರೂ ಬರಲೇ ಇಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಸಾಲಿನಲ್ಲೇ ಅರ್ಜಿ ನಿಂತುಹೋಯಿತು.

ಈ ಲೆಕ್ಕದಲ್ಲಿ 'ನೇಟಿವ್' ಯಾರು? ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆಲವರ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕಾ ಕೂಡ. ನಮ್ಮ ದೇಶದಲ್ಲಿ ಕೋರ್ಟು, ಕಾಲೇಜು, ಬ್ಯಾಂಕು ಎಲ್ಲ ನಡೆಯುವುದು ಇಂಗ್ಲಿಷ್‌ನಲ್ಲಿ, ಆದರೂ 2011ರ ಜನಗಣತಿಯಲ್ಲಿ ಇಂಗ್ಲಿಷ್ ನಮ್ಮ ಮಾತೃಭಾಷೆ ಎಂದು ಬರೆಸಿದವರು ಸುಮಾರು 2 ಲಕ್ಷ 60 ಸಾವಿರ ಜನ ಅಷ್ಟೇ. ನೂರಿಪ್ಪತ್ತು ಕೋಟಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾದರೆ ಷೇಕ್ಸ್‌ಪಿಯರ್ ಓದಿದ ಆಪಾ ಇಂಗ್ಲಿಷ್ ಬರದವಳು, ಪದವಿಯಲ್ಲಿ ಏನು ಓದಿದರೂ ಸರಿ ಅಮೆರಿಕದ ಒಬ್ಬ ಹುಡುಗ ಇಂಗ್ಲಿಷ್ ಟೀಚರು. ಇದು ಮಾರುಕಟ್ಟೆ ಹೇಳುವ ಮಾತು.

ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ಈ ಮಾರುಕಟ್ಟೆಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಲು ಪ್ರಯತ್ನಿಸಿದೆ. ಸ್ಪೇನ್‌ನಲ್ಲಿ ಇಂಗ್ಲಿಷ್‌ಗೆ ಬೇಡಿಕೆ ತುಂಬಾ ಇದೆ. ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಕೈಗೆ ಸಿಗಬೇಕಾದರೆ ಒಂದು ವಿದೇಶಿ ಭಾಷೆಯಲ್ಲಿ ಬಿ1 ಎಂಬ ಮಟ್ಟ ಮುಟ್ಟಿರಬೇಕು. ಮ್ಯಾಡ್ರಿಡ್ ಪ್ರಾಂತ್ಯದಲ್ಲಿ 2004ರಿಂದ ಸರ್ಕಾರಿ ಶಾಲೆಗಳಲ್ಲೇ ಕೆಲವು ವಿಷಯಗಳನ್ನು ಇಂಗ್ಲಿಷ್‌ನಲ್ಲಿ ಕಲಿಸುವ ಯೋಜನೆ ನಡೆಯುತ್ತಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳು, ಆಫೀಸ್ ಬಿಟ್ಟ ಮೇಲೆ ದೊಡ್ಡವರು 'ಅಕಾಡೆಮಿಯಾ'ಗೆ ಹೋಗುತ್ತಾರೆ. ಹೆಸರು ದೊಡ್ಡದು, ಆದರೆ ಅದು ನಮ್ಮ ಟ್ಯೂಷನ್ ಸೆಂಟರೇ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರ ತನಕ ಕ್ಲಾಸು. ಸೆಪ್ಟೆಂಬರ್‌ನಲ್ಲಿ ಟೀಚರ್‌ಗಳನ್ನು ತೆಗೆದುಕೊಳ್ಳುತ್ತಾರೆ, ಮಧ್ಯದಲ್ಲಿ ಬಿಟ್ಟುಹೋದವರ ಜಾಗಕ್ಕೆ ಜನವರಿಯಲ್ಲಿ ಇನ್ನೊಂದು ಸಲ. ಜೂನ್ ಕೊನೆಗೆ ಒಪ್ಪಂದ ಮುಗಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲಿಗೆ ಊರೇ ಖಾಲಿ, ಟೀಚರ್ ಜೇಬು ಕೂಡ ಖಾಲಿ.

ಇನ್ನು ಪೂರೈಕೆ. ಮೊದಲು ಬ್ರಿಟನ್‌ನಿಂದ ಯಾರು ಬೇಕಾದರೂ ವಿಮಾನ ಹತ್ತಿ ಬಂದು ಮರುದಿನವೇ ಅಕಾಡೆಮಿಯಾದಲ್ಲಿ ಪಾಠ ಶುರು ಮಾಡಬಹುದಿತ್ತು, ಯಾಕೆಂದರೆ ಎರಡೂ ಯುರೋಪಿಯನ್ ಒಕ್ಕೂಟದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಬ್ರೆಕ್ಸಿಟ್ ಆದಮೇಲೆ ಹೊಸದಾಗಿ ಬರುವ ಬ್ರಿಟಿಷ್ ಟೀಚರ್ ಕೂಡ ನಮ್ಮ ಹಾಗೆ ವೀಸಾ ಕ್ಯೂನಲ್ಲಿ ನಿಲ್ಲಬೇಕು. ಈಗ ಯುರೋಪಿಯನ್ ಒಕ್ಕೂಟದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆಯಾಗಿರುವ ದೇಶಗಳು ಎರಡೇ, ಐರ್ಲೆಂಡ್ ಮತ್ತು ಮಾಲ್ಟಾ. ಎರಡೂ ಸೇರಿದರೆ ಬೆಂಗಳೂರಿನಷ್ಟು ಜನ ಇಲ್ಲ. ಬೇಡಿಕೆ ಹಾಗೇ ಇದೆ, ಪೂರೈಕೆ ಇಳಿಯಿತು. ನಮ್ಮ ಎಕನಾಮಿಕ್ಸ್ ಪುಸ್ತಕದ ಪ್ರಕಾರ ಈಗ ಖರೀದಿದಾರ ಬೇರೆ ಕಡೆ ನೋಡಬೇಕು. ನೋಡಲಿಲ್ಲ. ಹಳೆಯ ಬ್ರ್ಯಾಂಡ್‌ಗೇ ಅಂಟಿಕೊಂಡಿದ್ದಾನೆ.

ಇಲ್ಲಿ ಎರಡು ಗೋಡೆಗಳಿವೆ, ಅವನ್ನು ಬೇರೆ ಬೇರೆಯಾಗಿ ನೋಡಬೇಕು ಎಂದು ನನ್ನ ಅಭಿಪ್ರಾಯ. ಮೊದಲನೆಯದು ಕಾನೂನು. ಯುರೋಪಿನ ಹೊರಗಿನವರನ್ನು ಕೆಲಸಕ್ಕೆ ಕರೆಸಬೇಕಾದರೆ ಸಾಮಾನ್ಯವಾಗಿ ಮಾಲೀಕ ಮೊದಲು ಆ ಕೆಲಸಕ್ಕೆ ಸ್ಪೇನ್‌ನಲ್ಲಿ, ಯುರೋಪಿನಲ್ಲಿ ತಕ್ಕವರು ಸಿಗಲಿಲ್ಲ ಎಂದು ತೋರಿಸಬೇಕು. ನಾಲ್ಕೈದು ಟೀಚರ್‌ಗಳಿರುವ ಸಣ್ಣ ಅಕಾಡೆಮಿಯಾ ಇಷ್ಟು ಕಾಗದಪತ್ರದ ತಲೆನೋವು ತೆಗೆದುಕೊಳ್ಳುವುದಿಲ್ಲ. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಯಾವ ದೇಶವೂ ತನ್ನವರಿಗೆ ಮೊದಲು ಕೆಲಸ ಎನ್ನುತ್ತದೆ, ನಾವೂ ಹಾಗೇ ಅನ್ನುತ್ತೇವೆ. ಆಪಾಗೆ ಬಂದ ನಾಲ್ಕು ಉತ್ತರಗಳಲ್ಲಿ ಒಂದಾದರೂ 'ವೀಸಾ ಮಾಡಿಸುವುದು ನಮ್ಮಿಂದ ಆಗುವುದಿಲ್ಲ' ಎಂದು ಇದ್ದಿದ್ದರೆ ಅವಳು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಎರಡನೇ ಗೋಡೆ 'ನೇಟಿವ್' ಎಂಬ ಪದ. ಇದು ಯಾವ ಕಾನೂನಿನಲ್ಲೂ ಇಲ್ಲ, ಬರೀ ವ್ಯಾಪಾರಿಗಳ ನಂಬಿಕೆ. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೆಸಾಲ್ ಕೂಡ 2006ರಲ್ಲಿ ಈ ಭೇದಭಾವದ ವಿರುದ್ಧ ಹೇಳಿಕೆ ಕೊಟ್ಟಿದೆ. ಜಾಹೀರಾತುಗಳು ಮಾತ್ರ ಬದಲಾಗಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಇಂಗ್ಲಿಷ್ ಅನ್ನು ಎರಡನೆಯದಾಗಿ, ಮೂರನೆಯದಾಗಿ ಕಲಿತವರೇ ಸ್ಪ್ಯಾನಿಷ್ ಮಕ್ಕಳಿಗೆ ಅದನ್ನು ಚೆನ್ನಾಗಿ ಕಲಿಸಬಲ್ಲರು. ಅದರಲ್ಲೂ ನಾವು, ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇಟ್ಟುಕೊಂಡಿರುವವರು.

ಸುಮ್ಮನೆ ಹೇಳುತ್ತಿಲ್ಲ, ಉದಾಹರಣೆ ಕೊಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಯಾವ ಪದವೂ 'ಸ್ಕ', 'ಸ್ಟ', 'ಸ್ಪ' ಎಂದು ಶುರುವಾಗುವುದಿಲ್ಲ. ಮುಂದೆ ಒಂದು 'ಎ' ಇರಲೇಬೇಕು. ಶಾಲೆಗೆ ಅವರು 'ಎಸ್ಕ್ವೇಲಾ' ಎನ್ನುತ್ತಾರೆ, ದೇಶದ ಹೆಸರೇ 'ಎಸ್ಪಾನ್ಯಾ'. ಆದ್ದರಿಂದ ಅಲ್ಲಿಯ ಮಕ್ಕಳು ಇಂಗ್ಲಿಷ್ ಓದುವಾಗ 'ಎಸ್ಕೂಲ್', 'ಎಸ್ಟೂಡೆಂಟ್', 'ಎಸ್ಟಾಪ್' ಎನ್ನುತ್ತಾರೆ. ಆಪಾ ಇದನ್ನು ಹೇಳಿದ ದಿನ ನಾನು ಕೂತಲ್ಲಿಂದ ಎದ್ದು ನಿಂತೆ. ನಮ್ಮ 'ಇಸ್ಕೂಲ್', 'ಇಸ್ಟೇಷನ್' ಕೂಡ ಇದೇ ಕಾರಣಕ್ಕೆ ಹುಟ್ಟಿದ್ದು. ನಾಲಿಗೆಗೆ ಎರಡು ವ್ಯಂಜನ ಒಟ್ಟಿಗೆ ಕಷ್ಟ, ಮುಂದೆ ಒಂದು ಸ್ವರ ಇಟ್ಟು ಮೆಟ್ಟಿಲು ಮಾಡಿಕೊಳ್ಳುತ್ತದೆ. ಲಂಡನ್ ಟೀಚರ್‌ಗೆ ಈ ಮಗು ಯಾಕೆ ಹೀಗೆ ಅನ್ನುತ್ತದೆ ಎಂದು ಪುಸ್ತಕ ಓದಿ ತಿಳಿಯಬೇಕು. ನನಗೆ ಪುಸ್ತಕ ಬೇಡ.

ಇನ್ನೊಂದು. ಇಂಗ್ಲಿಷ್‌ನಲ್ಲಿ 'ಐ ಲೈಕ್ ಟೀ' ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ 'ಮೆ ಗುಸ್ತಾ ಎಲ್ ತೆ'. ಪದಕ್ಕೆ ಪದ ಬಿಡಿಸಿದರೆ 'ನನಗೆ ಟೀ ಇಷ್ಟವಾಗುತ್ತದೆ'. ಕನ್ನಡದಲ್ಲಿ ನಾವು 'ನನಗೆ ಟೀ ಇಷ್ಟ' ಎನ್ನುವ ಹಾಗೆ, ಮನೆಯಲ್ಲಿ 'ಮುಝೆ ಚಾಯ್ ಪಸಂದ್ ಹೈ' ಎನ್ನುವ ಹಾಗೆ. ಮೂರೂ ಭಾಷೆಯಲ್ಲಿ ಟೀ ನನ್ನ ಹತ್ತಿರ ಬರುತ್ತದೆ, ಇಂಗ್ಲಿಷ್‌ನಲ್ಲಿ ಮಾತ್ರ ನಾನು ಟೀ ಹತ್ತಿರ ಹೋಗಬೇಕು. ಅದೇ ರೀತಿ ಸ್ಪ್ಯಾನಿಷ್‌ನವರು ಕ್ರಿಯಾಪದದ ಕೊನೆಯಲ್ಲೇ 'ನಾನು', 'ನೀನು' ಸೇರಿಸಿಬಿಡುತ್ತಾರೆ. ಕನ್ನಡದಲ್ಲಿ 'ಬಂದೆ' ಎಂದರೆ ಸಾಕು, ಯಾರು ಎಂದು ಕೇಳುವ ಅಗತ್ಯ ಇಲ್ಲ. ಹೀಗಾಗಿ ಅವರು ಇಂಗ್ಲಿಷ್ ಬರೆಯುವಾಗ 'ಇಟ್', 'ಐ' ಬಿಟ್ಟುಬಿಡುತ್ತಾರೆ, 'ಈಸ್ ರೇನಿಂಗ್' ಎಂದು ಬರೆಯುತ್ತಾರೆ. ನಮ್ಮ ಟೆಸ್ಟ್ ಪೇಪರ್‌ಗಳಲ್ಲಿ ಕೆಂಪು ಪೆನ್ನಿನ ಗುರುತು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿ. ಅಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ. ಹಂಗೇರಿಯ ಪೇಟರ್ ಮೆಜ್ಯೆಶ್ ಎಂಬ ವಿದ್ವಾಂಸರು 1994ರಲ್ಲೇ ಇದರ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ಕಲಿತು ಬಂದ ಟೀಚರ್‌ಗೆ ಕಲಿಯುವವನು ಎಲ್ಲಿ ಎಡವುತ್ತಾನೆ ಎಂದು ಮೊದಲೇ ಗೊತ್ತಿರುತ್ತದೆ ಎಂಬುದು ಅವರ ವಾದ. ಆಪಾಳ ಬಿ.ಎಡ್. ನೋಟ್ಸ್‌ನಲ್ಲಿ ಅವರ ಹೆಸರು ಕಂಡಾಗ ನನಗೆ ನಮ್ಮ ಪರವಾಗಿ ಸಾಕ್ಷಿ ಸಿಕ್ಕ ಹಾಗಾಯಿತು.

ಪದಗಳ ವಿಷಯಕ್ಕೆ ಬಂದರೆ ಇನ್ನೂ ಮಜಾ. 711ರಿಂದ 1492ರ ತನಕ ಸ್ಪೇನ್‌ನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಳ್ವಿಕೆ ಇತ್ತು. ಅರಬಿ ಪದಗಳು ಅಲ್ಲಿ ಇಂದಿಗೂ ಉಳಿದಿವೆ. ಉಗ್ರಾಣಕ್ಕೆ ಅವರು 'ಅಲ್ಮಸೆನ್' ಎನ್ನುತ್ತಾರೆ, ಅದು ಅರಬಿಯ 'ಅಲ್ ಮಖ್ಜನ್'. ಕಸ್ಟಮ್ಸ್ ಕಚೇರಿ 'ಅದುವಾನಾ', ಅದು ನಮ್ಮ 'ದೀವಾನ್'. ದರಪಟ್ಟಿಗೆ 'ತರೀಫಾ', ಇಂಗ್ಲಿಷ್‌ನ 'ಟ್ಯಾರಿಫ್' ಕೂಡ ಅದೇ ಅರಬಿ ಮೂಲದ್ದು. ಬಿಸಿನೆಸ್ ಸ್ಟಡೀಸ್‌ನ ಅರ್ಧ ಪಾಠ ಇಲ್ಲೇ ಮುಗಿಯಿತು. ಹೆಸರು ಬೇಡದ ಮನುಷ್ಯನಿಗೆ ನಮ್ಮ ಅಮ್ಮಿ 'ಫಲಾನಾ' ಎನ್ನುತ್ತಾರಲ್ಲ, ಸ್ಪೇನ್‌ನವರು ಅವನಿಗೆ 'ಫುಲಾನೊ' ಎನ್ನುತ್ತಾರೆ. ಹಾಗಾದರೆ ಒಳ್ಳೆಯದಿತ್ತು ಎಂಬ ಆಸೆಗೆ 'ಒಹಲಾ' ಎಂಬ ಪದ ಇದೆ, ಅದರೊಳಗೆ ಅಲ್ಲಾಹನ ಹೆಸರು ಇದೆ ಎಂದು ದಿನಕ್ಕೆ ಹತ್ತು ಸಲ ಹೇಳುವವರಿಗೂ ನೆನಪಿರುವುದಿಲ್ಲವಂತೆ. ಸಕ್ಕರೆ ಮಾತ್ರ ಇಲ್ಲಿಂದಲೇ ಹೋದದ್ದು. ಸಂಸ್ಕೃತದ ಶರ್ಕರಾ, ಫಾರ್ಸಿಯ ಶಕರ್, ಅರಬಿಯ ಸುಕ್ಕರ್, ಸ್ಪ್ಯಾನಿಷ್‌ನ ಅಸೂಕರ್. ಹೊರಟ ಪದ ಒಂದೇ, ದಾರಿಯಲ್ಲಿ ಬಟ್ಟೆ ಬದಲಾಯಿಸಿದೆ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವರು ಕೇಳುತ್ತಾರೆ: ಉಚ್ಚಾರಣೆ ಏನು ಮಾಡುತ್ತೀರಿ? ದುಡ್ಡು ಕೊಡುವವನು ಅಮೆರಿಕದ ಉಚ್ಚಾರಣೆಯನ್ನೇ ಕೇಳುತ್ತಾನಲ್ಲ? ಸರಿ, ಕೇಳುತ್ತಾನೆ. ಆದರೆ ಸೆವಿಲ್ಲೆಯ ಹುಡುಗ ದೊಡ್ಡವನಾಗಿ ಇಂಗ್ಲಿಷ್‌ನಲ್ಲಿ ಯಾರ ಜೊತೆ ಮಾತಾಡುತ್ತಾನೆ? ಜರ್ಮನಿಯ ಗ್ರಾಹಕನ ಜೊತೆ, ಚೀನಾದ ಸಪ್ಲೈಯರ್ ಜೊತೆ, ಬೆಂಗಳೂರಿನ ಐಟಿ ಕಂಪನಿ ಜೊತೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲಿ ಸ್ಪೇನ್ ಕಾನ್ಸುಲೇಟ್ ತೆರೆಯುವ ಮಾತು ಆಯಿತು. ಯಾಕೆ ಬೆಂಗಳೂರು ಎಂದು ಬೇರೆ ಹೇಳಬೇಕಾಗಿಲ್ಲ. ಆ ಹುಡುಗನಿಗೆ ನಮ್ಮ ಇಂಗ್ಲಿಷ್ ಕೇಳಿ ಅಭ್ಯಾಸ ಆದರೆ ಅವನಿಗೇ ಲಾಭ.

ಆದರೆ ಸ್ಪೇನ್‌ನ ಅಕಾಡೆಮಿಯಾ ಮಾಲೀಕನನ್ನು ಮಾತ್ರ ಬೈಯುವುದು ನ್ಯಾಯ ಅಲ್ಲ. ನಮ್ಮ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಇರುವ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳನ್ನು ಗಮನಿಸಿದ್ದೀರಾ? ಕೋಟು, ಟೈ ಹಾಕಿದ ಒಬ್ಬ ಬಿಳಿಯ ಮನುಷ್ಯ ಕೈ ಕಟ್ಟಿಕೊಂಡು ನಗುತ್ತಿರುತ್ತಾನೆ. ಅವನನ್ನು ನಮ್ಮ ಊರಿನಲ್ಲಿ ಯಾರೂ ನೋಡಿಲ್ಲ. ಒಳಗೆ ಹೋದರೆ ಕಲಿಸುವವರು ನಮ್ಮ ಬೀದಿಯ ಅಣ್ಣನೋ ಅಕ್ಕನೋ, ಚೆನ್ನಾಗಿಯೇ ಕಲಿಸುತ್ತಾರೆ. ಆದರೂ ಅವರ ಫೋಟೊ ಹಾಕಿದರೆ ನಾವು ಫೀಸ್ ಕಟ್ಟುವುದಿಲ್ಲ. ಇಸ್ಕೂಲ್ ಎಂದಾಗ ನಕ್ಕ ನನ್ನ ಗೆಳೆಯರಿಗೂ ಆ ಮಾಲೀಕನಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಈಗ ಅವರು ನನ್ನ ಒಳ್ಳೆಯ ಗೆಳೆಯರು, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಾಲ್ಕು ನಿರಾಕರಣೆ ಬಂದ ಮೇಲೆ ಆಪಾ ಒಂದು ಕನ್ಸಲ್ಟೆನ್ಸಿಯ ಬಾಗಿಲಿಗೆ ಹೋದಳು. ಹೆಸರು ಬೇಡ. '120 ಗಂಟೆಯ ಇಂಗ್ಲಿಷ್ ಟೀಚಿಂಗ್ ಸರ್ಟಿಫಿಕೇಟ್, ಯುರೋಪಿನಲ್ಲಿ ಕೆಲಸ ಗ್ಯಾರಂಟಿ' ಎಂದರು. ಮೂವತ್ತೆರಡು ಸಾವಿರ ಕಟ್ಟಿದಳು, ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಎರಡು ಶನಿವಾರ, ಎರಡು ಭಾನುವಾರ ವಿಡಿಯೊ ನೋಡಿದಳು, ಮೊಬೈಲ್‌ಗೆ ಒಂದು ಪಿಡಿಎಫ್ ಬಂತು. ನಾಲ್ಕು ದಿನದಲ್ಲಿ 120 ಗಂಟೆ ಹೇಗಾಗುತ್ತದೆ? ದಿನಕ್ಕೆ ಮೂವತ್ತು ಗಂಟೆ ಇರಬೇಕು. ಈ ಗುಣಾಕಾರ ನಾನು ಮಾಡಿ ತೋರಿಸಿದಾಗ ಆಪಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೇಂಬ್ರಿಜ್‌ನ ಸೆಲ್ಟಾ ಎಂಬ ಸರ್ಟಿಫಿಕೇಟ್‌ಗೆ ಜಗತ್ತಿನಲ್ಲಿ ಎಲ್ಲ ಕಡೆ ಬೆಲೆ ಇದೆ. ಅದರಲ್ಲಿ ನಿಜವಾಗಿ 120 ಗಂಟೆ ಕೋರ್ಸು, ಜೊತೆಗೆ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಬೇಕು, ಹಿಂದೆ ಕೂತು ಒಬ್ಬರು ನೋಡಿ ಅಂಕ ಕೊಡುತ್ತಾರೆ. ಅದಕ್ಕೆ ಖರ್ಚು ತುಂಬಾ ಹೆಚ್ಚು, ಆದರೆ ಅವರು ಯಾರಿಗೂ ಕೆಲಸ ಗ್ಯಾರಂಟಿ ಎನ್ನುವುದಿಲ್ಲ. ಗ್ಯಾರಂಟಿ ಎಂಬ ಪದ ಕೇಳಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಗೆ ಬನ್ನಿ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಸ್ವಲ್ಪ ಪಕ್ಕದ ಬಾಗಿಲು. ಸ್ಪೇನ್‌ನ ಶಿಕ್ಷಣ ಇಲಾಖೆಯೇ 'ಔಕ್ಸಿಲಿಯಾರೆಸ್ ದೆ ಕೊನ್ವೆರ್ಸಾಸಿಯೋನ್' ಎಂಬ ಯೋಜನೆ ನಡೆಸುತ್ತದೆ. ಅಂದರೆ ಸಂಭಾಷಣೆಯ ಸಹಾಯಕರು. ಶಾಲೆಯಲ್ಲಿ ಟೀಚರ್ ಪಕ್ಕ ನಿಂತು ಮಕ್ಕಳ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುವ ಕೆಲಸ. ಪದವಿ ಮುಗಿಸಿದವರು ಅಥವಾ ಪದವಿಯ ಕೊನೆಯ ಹಂತದಲ್ಲಿರುವವರು ಅರ್ಜಿ ಹಾಕುತ್ತಾರೆ, ಬಿ.ಕಾಂ. ಆದರೂ ನಡೆಯುತ್ತದೆ. ಇದು ಉದ್ಯೋಗ ಎನ್ನುವ ಲೆಕ್ಕಕ್ಕೆ ಬರುವುದಿಲ್ಲ, ಗೌರವಧನ ಕೊಡುತ್ತಾರೆ, ಆದ್ದರಿಂದ ಮೇಲೆ ಹೇಳಿದ ಮೊದಲ ಗೋಡೆ ಇಲ್ಲಿ ಇಲ್ಲ. ಯಾವ ದೇಶದವರಿಗೆ ಅವಕಾಶ ಎಂಬ ಪಟ್ಟಿ ಪ್ರತಿ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ, ಯಾರಿಗೂ ದುಡ್ಡು ಕೊಡುವ ಮೊದಲು ಆ ವರ್ಷದ ಪಟ್ಟಿಯನ್ನು ಸ್ಪೇನ್ ರಾಯಭಾರ ಕಚೇರಿಯಲ್ಲಿ ವಿಚಾರಿಸಬೇಕು. ಫಿಲಿಪ್ಪೀನ್ಸ್‌ನ ಯುವಕರು ಈ ಯೋಜನೆಯಲ್ಲಿ ಹೋಗಿ ಕಲಿಸುತ್ತಿದ್ದಾರೆ. ಅವರ ಮನೆಭಾಷೆ ತಗಾಲೊಗ್, ಸೆಬುವಾನೊ. ಅವರಿಂದ ಆಗುವುದು ನಮ್ಮಿಂದ ಯಾಕೆ ಆಗಬಾರದು? ಇನ್ನೊಂದು ಬಾಗಿಲು ಓದು. ಉನ್ನತ ಶಿಕ್ಷಣಕ್ಕೆ ಹೋದ ವಿದ್ಯಾರ್ಥಿ ಓದಿಗೆ ಅಡ್ಡಿಯಾಗದಂತೆ ವಾರಕ್ಕೆ 30 ಗಂಟೆ ತನಕ ಕೆಲಸ ಮಾಡಬಹುದು. ಎರಡಕ್ಕೂ ಸರ್ಟಿಫಿಕೇಟ್‌ಗಳಿಗೆ ಅಪೊಸ್ಟೀಲ್ ಮುದ್ರೆ ಬೇಕು, ಮಕ್ಕಳ ಜೊತೆ ಕೆಲಸ ಆದ್ದರಿಂದ ಪೊಲೀಸ್ ಕ್ಲಿಯರೆನ್ಸ್ ಬೇಕು. ಅದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಸಹಾಯಕರಿಗೆ ಹೆಚ್ಚಿನ ಕಡೆ ವಾರಕ್ಕೆ 14 ಗಂಟೆಗೆ ತಿಂಗಳಿಗೆ ಸುಮಾರು 800 ಯೂರೊ, ಮ್ಯಾಡ್ರಿಡ್‌ನಲ್ಲಿ 16 ಗಂಟೆಗೆ ಸುಮಾರು 1,000 ಯೂರೊ. ಕೇಳಿದ ಕೂಡಲೇ ನಮ್ಮ ಮಾಮು ನೂರರಿಂದ ಗುಣಿಸಿ 'ಒಂದು ಲಕ್ಷ!' ಎಂದರು. ಗಲ್ಫ್ ಲೆಕ್ಕ ಹಾಕಿ ಅಭ್ಯಾಸ. ಗಲ್ಫ್‌ನಲ್ಲಿ ಅನೇಕರಿಗೆ ಕಂಪನಿಯೇ ರೂಮ್ ಕೊಡುತ್ತದೆ, ಉಳಿದದ್ದನ್ನು ಮನೆಗೆ ಕಳಿಸಬಹುದು. ಮ್ಯಾಡ್ರಿಡ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 500 ಯೂರೊ ದಾಟುತ್ತದೆ. ಆದಾಯ ಯೂರೊನಲ್ಲಿ ಬಂದರೆ ಖರ್ಚೂ ಯೂರೊನಲ್ಲೇ. ಸ್ಪೇನ್‌ನಲ್ಲಿ ಪೂರ್ಣಾವಧಿ ಕೆಲಸಕ್ಕೆ 2025ರ ಕನಿಷ್ಠ ವೇತನ 1,184 ಯೂರೊ, ವರ್ಷಕ್ಕೆ 14 ಕಂತು, ಬೇಸಿಗೆಗೊಂದು ಕ್ರಿಸ್‌ಮಸ್‌ಗೊಂದು ಹೆಚ್ಚಿನ ತಿಂಗಳು. ಸಹಾಯಕರ ಗೌರವಧನ ಅದಕ್ಕಿಂತ ಕಡಿಮೆ. ಹೋದವರು ಬದುಕಬಹುದು, ಕುರ್ತುಬಾ ನೋಡಬಹುದು, ಸ್ಪ್ಯಾನಿಷ್ ಕಲಿತು ಬರಬಹುದು. ತಂಗಿಯ ಮದುವೆಗೆ ದುಡ್ಡು ಕೂಡಿಸಲು ಆಗುವುದಿಲ್ಲ. ಇದನ್ನು ಮೊದಲೇ ಮನೆಯಲ್ಲಿ ಹೇಳಿ ಹೋಗುವುದು ಒಳ್ಳೆಯದು.

ಸ್ಪ್ಯಾನಿಷ್ ಅಧಿಕೃತ ಭಾಷೆಯಾಗಿರುವ ದೇಶಗಳು ಇಪ್ಪತ್ತು ಇವೆ, ಸ್ಪೇನ್ ಒಂದೇ ಅಲ್ಲ. ಚಿಲಿಯಲ್ಲಿ 'ಇಂಗ್ಲೆಸ್ ಆಬ್ರೆ ಪುಯೆರ್ತಾಸ್', ಅಂದರೆ ಇಂಗ್ಲಿಷ್ ಬಾಗಿಲು ತೆರೆಯುತ್ತದೆ ಎಂಬ ಹೆಸರಿನ ಸರ್ಕಾರಿ ಕಾರ್ಯಕ್ರಮ ಇದೆ. ಕೋಸ್ಟಾರಿಕಾಗೆ 1990ರ ದಶಕದ ಕೊನೆಗೆ ಇಂಟೆಲ್ ಬಂದಮೇಲೆ ಅಲ್ಲಿ ಇಂಗ್ಲಿಷ್ ಬಲ್ಲವರಿಗೆ ಬೇಡಿಕೆ ಏರಿತು, ನಮ್ಮ ಬೆಂಗಳೂರಿನ ಕಥೆಯ ಹಾಗೆ. ಆದರೆ ಆ ಕಡೆ ಸಂಬಳ ಇನ್ನೂ ಕಡಿಮೆ, ವಿಮಾನದ ಟಿಕೆಟ್ ಇನ್ನೂ ಹೆಚ್ಚು.

ನಮ್ಮ ಲೆಕ್ಚರರ್ ಒಬ್ಬರು ಈ ಲೇಖನದ ಕರಡು ಓದಿ ಒಂದು ಪ್ರಶ್ನೆ ಕೇಳಿದರು. ನಮ್ಮ ಹಳ್ಳಿಯ ಶಾಲೆಗಳಲ್ಲೇ ಇಂಗ್ಲಿಷ್ ಟೀಚರ್ ಇಲ್ಲ, ಆಪಾ ಅಲ್ಲಿಗೆ ಯಾಕೆ ಹೋಗಬೇಕು? ಪ್ರಶ್ನೆ ಸರಿಯಾಗಿದೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಇಂಜಿನಿಯರ್ ಕ್ಯಾಲಿಫೋರ್ನಿಯಾಗೆ ಹೋದರೆ ನಾವು ಫ್ಲೆಕ್ಸ್ ಹಾಕುತ್ತೇವೆ, ಟೀಚರ್ ಹೋಗುತ್ತೇನೆ ಎಂದಾಗ ಮಾತ್ರ ಹಳ್ಳಿಯ ಶಾಲೆ ನೆನಪಾಗುತ್ತದೆ. ಹದಿನಾಲ್ಕು ಸಾವಿರ ಕೊಡುವಾಗ ಯಾರಿಗೂ ನೆನಪಾಗುವುದಿಲ್ಲ.

ಈಗ ಆಪಾ ಎಲ್ಲಿದ್ದಾಳೆ? ಇಲ್ಲೇ ಇದ್ದಾಳೆ. ಕಾಗದಪತ್ರ ಒಟ್ಟು ಮಾಡುತ್ತಿದ್ದಾಳೆ. ವಾರಕ್ಕೆ ಎರಡು ದಿನ ರಾತ್ರಿ ಒಂಬತ್ತೂವರೆಗೆ, ಅಲ್ಲಿ ಸಂಜೆ, ಒಬ್ಬ ಸ್ಪ್ಯಾನಿಷ್ ವ್ಯಕ್ತಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವರು ಒಂದು ಅಲ್ಮಸೆನ್‌ನಲ್ಲಿ ಕೆಲಸ ಮಾಡುವವರು, ಬಿ1 ಪರೀಕ್ಷೆ ಪಾಸಾದರೆ ಬಡ್ತಿ ಸಿಗುತ್ತದಂತೆ. ಮೂರು ನೇಟಿವ್ ಟೀಚರ್‌ಗಳನ್ನು ಬಿಟ್ಟು ಬಂದವರು. ಅವರು 'ಐ ಹ್ಯಾವ್ ಥರ್ಟಿ ಫೋರ್ ಇಯರ್ಸ್' ಎಂದಾಗ ಹಿಂದಿನವರು ತಪ್ಪು ಎಂದಷ್ಟೇ ಹೇಳುತ್ತಿದ್ದರಂತೆ, ಆಪಾ ಅದು ಸ್ಪ್ಯಾನಿಷ್‌ನ ಯಾವ ವಾಕ್ಯದಿಂದ ಬಂತು ಎಂದು ತೋರಿಸಿ ತಿದ್ದುತ್ತಾಳೆ.

ಕಳೆದ ಮಂಗಳವಾರ ನಾನು ಪಕ್ಕದಲ್ಲಿ ಅಕೌಂಟೆನ್ಸಿ ಲೆಕ್ಕ ಮಾಡುತ್ತಾ ಕೂತಿದ್ದೆ. ಲ್ಯಾಪ್‌ಟಾಪ್‌ನಿಂದ ಧ್ವನಿ ಬಂತು, 'ಮೈ ಸನ್ ಗೋಸ್ ಟು ಎಸ್ಕೂಲ್'. ಆಪಾ ನಗಲಿಲ್ಲ. 'ಪ್ರೆಶರ್ ಕುಕ್ಕರ್ ಹಾಗೆ ಮೊದಲು ಸ್ಸ್ಸ್ ಎನ್ನಿ, ಉಸಿರು ನಿಲ್ಲಿಸಬೇಡಿ, ಹಾಗೇ ಕೂಲ್ ಎನ್ನಿ' ಎಂದಳು. ಅವರು ಪ್ರಯತ್ನಿಸಿದರು. ಮೂರನೇ ಸಲಕ್ಕೆ ಬಂತು. ನಾನೂ ಪೆನ್ನು ಕೆಳಗಿಟ್ಟು, ಅವರಿಗೆ ಕೇಳದ ಹಾಗೆ, ಮೆಲ್ಲಗೆ ಅಂದೆ. ನನಗೆ ಎರಡನೇ ಸಲಕ್ಕೇ ಬಂತು.